ಹಿಂದಿನ ಬಾಗಿಲಿನ ರೊಟ್ಟಿ

ಆ ದಿನದ ಬೆಳಗೂ ಎಂದಿನಂತೆಯೇ ಶುರುವಾಯಿತು. ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ಹಾಲು ಕಾಯಿಸಿ, ಕೆನೆ ಕಟ್ಟುವ ಮೊದಲೇ ಅತ್ತೆಯ ಚಹಾಕ್ಕೆಂದು ಒಂದು ಲೋಟ ತೆಗೆದಿಟ್ಟೆ. ಚಹಾದ ಮೇಲೆ ಕೆನೆ ತೇಲಿದರೆ ಅವರು ಬಟ್ಟಲನ್ನು ಹಾಗೇ ಸರಿಸಿಬಿಡುತ್ತಾರೆ. ಯಜಮಾನರ ಡಬ್ಬಿಗೆ ನಾಲ್ಕು ಚಪಾತಿ, ಬದನೆಕಾಯಿ ಪಲ್ಯ. ಅವರಿಗೆ ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಸಾಮಾನು ಕೋಣೆಯ ಉಸ್ತುವಾರಿ. ಏಳೂಕಾಲರ ಬಸ್ಸು ತಪ್ಪಿದರೆ ಇಡೀ ದಿನ ಮುಖ ಗಂಟು. ಅವರ ಹಿಂದೆಯೇ ಮಗಳು ಒಂದು ಕೈಯಲ್ಲಿ ಜಡೆ, ಇನ್ನೊಂದು ಕೈಯಲ್ಲಿ ಬಾಳೆಹಣ್ಣು ಹಿಡಿದು ಕಾಲೇಜಿಗೆ ಓಡಿದಳು. ಪಕ್ಕದ ಮನೆಯ ಆಪಾ ಆಗಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಓಣಿಯ ಅರ್ಧ ಹೆಂಗಸರ ಜಂಪರು ಹೊಲಿಯುವುದು ಅವರೇ. ನಮ್ಮಿಬ್ಬರ ಮನೆಗೆ ಒಂದೇ ಗೋಡೆಯಾದ್ದರಿಂದ ಆ ಯಂತ್ರದ ಸದ್ದು ನಮ್ಮ ಅಡುಗೆಮನೆಯದೇ ಅನ್ನುವಷ್ಟು ಹತ್ತಿರ.

ಎಂಟು ಗಂಟೆಗೆ ಹಿಂದಿನ ಓಣಿಯಲ್ಲಿ ನೀರಿನ ಪೈಪು ಹಾಕಲು ಪುರಸಭೆಯ ಜೆಸಿಬಿ ಬಂತು. ಪಾತ್ರೆಗಳೆಲ್ಲ ಕಪಾಟಿನಲ್ಲಿ ಸಣ್ಣಗೆ ಅದುರತೊಡಗಿದವು. ನನಗೆ ಒಳಗೊಳಗೇ ಸಮಾಧಾನವಾಯಿತು. ಇವತ್ತು ಇಷ್ಟು ಗದ್ದಲವಿದ್ದರೆ ಹನ್ನೊಂದು ಗಂಟೆಯ ನನ್ನ ಕೆಲಸ ಇನ್ನೂ ಸಲೀಸು ಅಂದುಕೊಂಡೆ. ಗದ್ದಲದ ಬಗ್ಗೆ ಯೋಚಿಸಿದೆನೇ ಹೊರತು ಓಣಿಯ ಬಗ್ಗೆ ಯೋಚಿಸಲಿಲ್ಲ.

ಹನ್ನೊಂದು ಗಂಟೆಯ ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೂರು ತಿಂಗಳಿಂದ ನಮ್ಮ ಮನೆಯ ಜೋಳದ ರೊಟ್ಟಿ ನಾನು ಮಾಡಿದ್ದಲ್ಲ. ಫೋನಿನ ಆ್ಯಪಿನಲ್ಲಿ ತರಿಸಿದ್ದು. ದಿನಕ್ಕೆ ನಾಲ್ಕು. ಮಧ್ಯಾಹ್ನ ಮನೆಯಲ್ಲಿ ಇರುವುದು ನಾವಿಬ್ಬರೇ, ಅತ್ತೆ ಮತ್ತು ನಾನು. ಅವರಿಗೆ ಎರಡು, ನನಗೆ ಎರಡು. ಇದು ಅತ್ತೆಗೆ ಗೊತ್ತಿರಲಿಲ್ಲ.

ಗೊತ್ತಾದರೆ ಏನಾಗುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ಹೊರಗಿನ ಅಡುಗೆ ಮುಟ್ಟಿದವರಲ್ಲ. ಊರಿಗೆ ಹೊರಟರೆ ಬಿಳಿ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಬಸ್ಸು ಹತ್ತುವವರು. ಸ್ನಾನ ಮುಗಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿ, ತಾಟಿನ ಊಟವನ್ನು ಲಿಂಗಕ್ಕೆ ತೋರಿಸಿಯೇ ಮೊದಲ ತುತ್ತು. ಒಮ್ಮೆ ಅವರ ಸ್ವಂತ ಅಣ್ಣನ ಮನೆಯಲ್ಲಿ, ತಾಟಿಗೆ ಹಾಕಿದ ಹೋಳಿಗೆ ಅಂಗಡಿಯಿಂದ ತಂದದ್ದು ಅಂತ ಯಾರೋ ಮಗು ಬಾಯಿ ಬಿಟ್ಟಿತು. ಅತ್ತೆ ತಾಟು ಸರಿಸಿದರು. ಕೈ ತೊಳೆದು ಎದ್ದರು. ಆಮೇಲೆ ಆ ಮನೆಗೆ ಹೋಗುವುದನ್ನೇನೂ ಬಿಡಲಿಲ್ಲ. ಹಬ್ಬ, ಮದುವೆ, ತೊಟ್ಟಿಲು ಎಲ್ಲಕ್ಕೂ ಹೋದರು. ಆದರೆ ತಮ್ಮ ರೊಟ್ಟಿಯ ಗಂಟು ತಾವೇ ಒಯ್ದರು. ಆ ಅಣ್ಣನ ಹೆಂಡತಿ ಸಾಯುವತನಕ ಆಕೆಯ ಕೈಯಿಂದ ಒಂದು ಲೋಟ ಮಜ್ಜಿಗೆ ಕುಡಿಯಲಿಲ್ಲ. ನನಗಿದ್ದ ಭಯ ಬೈಗುಳದ್ದಲ್ಲ, ಆ ಗಂಟಿನದು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಅವರು ತಮ್ಮ ರೊಟ್ಟಿ ತಾವು ಬಡಿದುಕೊಂಡು ನನ್ನ ತಾಟಿನಿಂದ ಮುಖ ತಿರುಗಿಸಿಬಿಟ್ಟರೆ?

ಶುರುವಾದದ್ದು ನನ್ನ ಮಣಿಕಟ್ಟಿನಿಂದ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿ ಇಳಿಯುವಾಗ ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿತು. ಬಲಗೈ ಊರಿ ಬಿದ್ದೆ. ಎರಡು ದಿನದ ಮೇಲೆ ತವರಿಗೆಂದು ಹುಮನಾಬಾದಿಗೆ ಹೋದಾಗ ತಮ್ಮನ ಹೆಂಡತಿ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದಳು. ಆರು ವಾರ ರೊಟ್ಟಿ ಬಡಿಯಬಾರದು ಅಂದರು ಅವರು. ಚಪಾತಿ ನಡೆಯುತ್ತದೆ, ಅದಕ್ಕೆ ಲಟ್ಟಣಿಗೆ ಇದೆ. ಜೋಳದ ರೊಟ್ಟಿಯಾದರೆ ಅಂಗೈಯಿಂದಲೇ ಬಡಿದು ಅಗಲ ಮಾಡಬೇಕು. ಕೈಗೆ ಸುತ್ತಿದ ಪಟ್ಟಿಯನ್ನು ವಾಪಸು ಬರುವಾಗ ಬಸ್ಸಿನಲ್ಲೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.

ಯಾಕೆ ಬಿಚ್ಚಿದೆ ಅಂದರೆ, ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನ ಕೈಗೆ ಒಂದು ಹೆಸರಿಟ್ಟಿದ್ದರು. ಕಾನ್ವೆಂಟ್ ಕೈ. ಹುಮನಾಬಾದಿನ ಸಿಸ್ಟರುಗಳ ಶಾಲೆಯಲ್ಲಿ ನಾನು ಕಲಿತದ್ದು ಓರೆಯಾಗದ ಅಕ್ಷರ, ಕಸೂತಿ, ಯಾರಾದರೂ ಏನಾದರೂ ಕೊಟ್ಟರೆ ಥ್ಯಾಂಕ್ ಯೂ ಅನ್ನುವುದು. ರೊಟ್ಟಿಯಲ್ಲ. ನನ್ನ ಮೊದಲ ರೊಟ್ಟಿಗಳು ತವೆಗೆ ಹೋಗುವ ದಾರಿಯಲ್ಲೇ ಹರಿದು ಬೀಳುತ್ತಿದ್ದವು. “ಕಾನ್ವೆಂಟ್ ಕೈಗೆ ಪೆನ್ನೇ ಭಾರ ಆಗ್ತದ, ಇನ್ನ ರೊಟ್ಟಿ ಎಲ್ಲಿ ಬಂತು” ಅಂತ ಬಂದವರ ಮುಂದೆ ನಗುತ್ತಿದ್ದರು. ಕೆಟ್ಟ ನಗೆಯಲ್ಲ, ಆದರೂ ನಗೆ. ನನಗೆ ಮೂರು ವರ್ಷ ಹಿಡಿಯಿತು. ನಾಲ್ಕನೆಯ ವರ್ಷ ಒಂದು ದಿನ ಅವರೇ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ನಮ್ಮ ಸೊಸಿ ರೊಟ್ಟಿ ಹಾಳಿ ಹಂಗ ಆಗ್ತಾವ.” ಕಾಗದದ ಹಾಳೆಯಷ್ಟು ತೆಳ್ಳಗೆ, ಅಂತ. ಆ ಮಾತನ್ನು ಆರು ವಾರದ ಮಟ್ಟಿಗೂ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಮಗಳು ಗೆಳತಿಯರ ಹುಟ್ಟುಹಬ್ಬಕ್ಕೆ ಗೋಬಿ ಮಂಚೂರಿ ತರಿಸಲೆಂದು ನನ್ನ ಫೋನಿಗೆ ಆ್ಯಪ್ ಹಾಕಿಟ್ಟಿದ್ದಳು. ಅದರಲ್ಲಿ ಹುಡುಕಿದೆ. ಸಸ್ಯಾಹಾರದ ಹಸಿರು ಚುಕ್ಕೆ ಇದ್ದ, ಬರೀ ರೊಟ್ಟಿ ಪಲ್ಯ ಮಾಡುವ ಒಂದು ಮನೆ ಅಡುಗೆ ಸಿಕ್ಕಿತು. ಊರ ಆ ಮಗ್ಗುಲಲ್ಲಿ ಎಲ್ಲೋ. ಮಾಡುವವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಸೂಚನೆ ಬರೆಯುವ ಜಾಗದಲ್ಲಿ, ಬೆಲ್ ಒತ್ತಬೇಡಿ, ಹಿಂದಿನ ಬಾಗಿಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡಿ, ಥ್ಯಾಂಕ್ ಯೂ ಅಂತ ಬರೆದೆ. ತರುವವರು ಮೀಸೆ ನರೆತ ಒಬ್ಬ ಸಾವಧಾನದ ಮನುಷ್ಯ. ದಿನಾ ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದರು.

ಉಳಿದದ್ದು ಸಪ್ಪಳದ ಸಮಸ್ಯೆ. ಅತ್ತೆ ಪೂಜೆಗೆ ಕೂರುವ ಕೋಣೆಗೂ ಅಡುಗೆಮನೆಗೂ ನಡುವೆ ಎದೆಮಟ್ಟದ ಗೋಡೆ ಅಷ್ಟೆ. ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರ ಕಿವಿ ಇನ್ನೂ ಚುರುಕಾಗಿದೆ. ನಮ್ಮ ಕಡೆ ಮಧ್ಯಾಹ್ನದ ಹೊತ್ತಿಗೆ ಒಂದು ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳದಿದ್ದರೆ ಪಕ್ಕದವರು ಬಂದು, ಆರಾಮಿಲ್ಲೇನು ಅಂತ ಕೇಳುತ್ತಾರೆ. ಹಾಗಾಗಿ ನಾನು ಒಂದು ಉಂಡೆ ಹಿಟ್ಟು ನಾದಿ, ಎಡಗೈಯಿಂದ ಅದನ್ನು ಬಡಿಯುತ್ತಿದ್ದೆ. ಅಗಲವಾದ ಮೇಲೆ ಮತ್ತೆ ಮುದ್ದೆ ಮಾಡಿ ಮತ್ತೆ ಬಡಿಯುತ್ತಿದ್ದೆ. ಒಂದೇ ಉಂಡೆ, ನಾಲ್ಕು ಸಲ. ನಡುನಡುವೆ ಕಾದ ತವೆಯ ಮೇಲೆ ನೀರು ಚಿಮುಕಿಸಿ ಚುಂಯ್ ಅನ್ನಿಸುತ್ತಿದ್ದೆ. ಕೊನೆಗೆ ಆ ಉಂಡೆ ಓಣಿಯ ಆಕಳಿಗೆ. ಒಳಗೆ ಒಬ್ಬರು ಕಣ್ಣು ಮುಚ್ಚಿ ಲಿಂಗ ಹಿಡಿದು ಕೂತಿರುವಾಗ ಹೊರಗೆ ನಾನು ಹೀಗೆ ಸುಳ್ಳು ಸಪ್ಪಳ ಮಾಡುತ್ತಿದ್ದೆ ಅಂತ ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಆರು ವಾರ ಮುಗಿದವು. ಕೈ ನೆಟ್ಟಗಾಯಿತು. ಆದರೂ ನಾನು ತರಿಸುತ್ತಲೇ ಹೋದೆ.

ಜನ ಯಾಕೆ ಮತ್ತೆ ಮತ್ತೆ ತರಿಸುತ್ತಾರೆ ಅಂತ ಯಜಮಾನರು ಒಮ್ಮೆ ಊಟದ ಮುಂದೆ ಕೂತು ಆಶ್ಚರ್ಯಪಟ್ಟಿದ್ದರು. ಅವರ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹೊರಗೆ ಹೆಲ್ಮೆಟ್ಟಿನವರು ಸಾಲಾಗಿ ನಿಂತಿರುತ್ತಾರಂತೆ. “ಆರಿದ್ದು ಬರ್ತದ, ಚಟ್ನಿ ಸೋರಿರ್ತದ, ದಿನಾ ಬೈತಾರ, ಮರುದಿನ ಮತ್ತ ತರಸ್ತಾರ. ಆಲಸ್ಯ, ಮತ್ತೇನು?” ಅಂದರು. ನಾನು ಸಾರು ಬಡಿಸಿದೆ. ಆಲಸ್ಯವಲ್ಲ ಅಂತ ನನಗೆ ಗೊತ್ತಿತ್ತು. ಏನೆಂದು ಹೇಳಲು ಮಾತ್ರ ಬರುತ್ತಿರಲಿಲ್ಲ.

ನಮ್ಮಂಥ ಊರಲ್ಲಿ ಖಾನಾವಳಿಗೆ ಹೋಗಿ ನಾಲ್ಕು ರೊಟ್ಟಿ ಕಟ್ಟಿಸಿಕೊಂಡರೆ ಕೋಟೆಯ ಕಡೆಯಿಂದ ಬಸ್ ಸ್ಟ್ಯಾಂಡಿನವರೆಗೆ ಹತ್ತು ಜನ ಕೇಳುತ್ತಾರೆ: ಯಾಕ್ರಿ, ಮನ್ಯಾಗ ಯಾರಿಗೆ ಆರಾಮಿಲ್ಲ? ಫೋನು ಏನೂ ಕೇಳುವುದಿಲ್ಲ. ಅದೊಂದು ಕಾರಣ. ಆದರೆ ಇನ್ನೊಂದು, ಹೇಳಿದರೆ ಸಣ್ಣದು ಅನ್ನಿಸುವಂಥದ್ದು: ಆರ್ಡರ್ ಕೊಟ್ಟ ಎರಡು ನಿಮಿಷಕ್ಕೆ ಪರದೆಯ ಮೇಲೆ ನಿಮ್ಮ ಅಡುಗೆ ತಯಾರಾಗುತ್ತಿದೆ ಅಂತ ಒಂದು ಸಾಲು ಬರುತ್ತದೆ. ತವರು ಬಿಟ್ಟ ಮೇಲೆ ನನಗೆ ಯಾರೂ ಆಡದ ಮಾತು ಅದು. ಇಪ್ಪತ್ತೆರಡು ವರ್ಷದಿಂದ ಆ ಸಾಲನ್ನು ಬೇರೆಯವರಿಗೆ ಹೇಳುವವಳು ನಾನೇ ಆಗಿದ್ದೆ. ಒಮ್ಮೆ ಸಂಕೋಚದಿಂದಲೇ, ಒಂದು ರೊಟ್ಟಿ ಮೆತ್ತಗಿರಲಿ ಅಂತ ಬರೆದೆ. ನನಗೆ ಮೆತ್ತಗಿನದೇ ಇಷ್ಟ; ಮನೆಯಲ್ಲಿ ಎಲ್ಲರಿಗೂ ಗರಿಗರಿ ಬೇಕು. ಮರುದಿನದಿಂದ, ನಾನು ಮತ್ತೆ ಬರೆಯದಿದ್ದರೂ, ನಾಲ್ಕರಲ್ಲಿ ಒಂದು ಮೆತ್ತಗಿನ ರೊಟ್ಟಿ ಬೇರೆ ಹಾಳೆಯಲ್ಲಿ ಸುತ್ತಿ ಬರತೊಡಗಿತು. ಆ ಹಾಳೆ ಬಿಚ್ಚುವಾಗ ಪ್ರತಿ ಸಲವೂ ಎದೆಯೊಳಗೆ ಏನೋ ತಣ್ಣಗಾಗುತ್ತಿತ್ತು. ಜೊತೆಗೆ ಕಾಯುವ ಆ ಇಪ್ಪತ್ತು ನಿಮಿಷ. ಕಿಟಕಿಯ ಹತ್ತಿರ ನಿಂತು ಚಹಾ ಕುಡಿಯುತ್ತಾ ನಕ್ಷೆಯ ಮೇಲೆ ಸಣ್ಣ ಸ್ಕೂಟರು ನನ್ನ ಕಡೆ ತೆವಳುವುದನ್ನು ನೋಡುವುದು. ನಾಳೆ ನಿಲ್ಲಿಸುತ್ತೇನೆ ಅಂತ ದಿನಾ ಅಂದುಕೊಳ್ಳುತ್ತಿದ್ದೆ.

ಆ ದಿನ ಒಂಬತ್ತು ಗಂಟೆಗೆ ಫೋನು ಬಂತು. ಚಿಟಗುಪ್ಪದಿಂದ ಚಿಕ್ಕತ್ತೆ, ಅಂದರೆ ಅತ್ತೆಯ ತಂಗಿ.

“ಯವ್ವಾ, ನಾ ಬರಾಕತ್ತೇನಿ. ಬಸ್ಸಿನ್ಯಾಗ ಕುಂತೇ ಬಿಟ್ಟೇನಿ. ಊಟಕ್ಕ ಏನೂ ಜಾಸ್ತಿ ಮಾಡಬ್ಯಾಡ. ಬಿಸಿ ರೊಟ್ಟಿ, ಒಂದು ಪಲ್ಯ, ಸಾಕು. ಫೋನ್ ಮಾಡಿದಾಗೊಮ್ಮಿ ನಿಮ್ಮತ್ತಿದು ಒಂದೇ ಹಾಡು, ಸೊಸಿ ರೊಟ್ಟಿ ಸೊಸಿ ರೊಟ್ಟಿ ಅಂತ. ಈಗೀಗ ಮತ್ತಷ್ಟು ಛಲೋ ಆಗ್ಯಾವಂತ. ಒಲಿ ಮುಂದ ಕುಂತು ತವದಿಂದ ತಾಟಿಗೆ ಹಾಕಿಸ್ಕೊಂಡು ತಿನ್ನಬೇಕು ನಾ.”

“ಬರ್ರಿ ಚಿಕ್ಕತ್ತಿ, ಬರ್ರಿ” ಅಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

ಫೋನಿಟ್ಟು ಲೆಕ್ಕ ಹಾಕಿದೆ. ಕೈ ಸರಿಯಾಗಿದೆ, ನಾನೇ ಬಡಿಯಬಹುದು. ಆದರೆ ಮೂರು ತಿಂಗಳಿಂದ ಅತ್ತೆಯ ನಾಲಿಗೆಗೆ ಕೂತಿರುವುದು ಬೇರೆಯವರ ರೊಟ್ಟಿ. ಇವತ್ತು ನನ್ನದನ್ನು ಹಾಕಿದರೆ ಅದೇ ಹೊಸದು ಅನ್ನಿಸುತ್ತದೆ. ನಿಜವಾದ ನನ್ನ ರೊಟ್ಟಿಯೇ ನನ್ನನ್ನು ಹಿಡಿದುಕೊಡುತ್ತದೆ. ಹೀಗೊಂದು ಇಕ್ಕಟ್ಟಿಗೆ ಸಿಗುತ್ತೇನೆ ಅಂತ ಯಾವತ್ತೂ ಹೊಳೆದಿರಲಿಲ್ಲ. ಆಮೇಲೆ ಒಂದು ಉಪಾಯ ತೋಚಿತು. ಆರ್ಡರ್ ಕೊಡುವುದು, ಎಂದಿಗಿಂತ ಬೇಗ. ಅತ್ತೆಯ ತಾಟಿಗೆ ಎರಡು ಅವು. ಚಿಕ್ಕತ್ತೆಗೆ ನಾನು ಬಡಿದವು. ಚಿಕ್ಕತ್ತೆಗೆ ಹೋಲಿಸಲು ಏನೂ ಇರುವುದಿಲ್ಲ. ಹತ್ತು ಗಂಟೆಗೆ ಆರ್ಡರ್ ಕೊಟ್ಟು, ಫೋನನ್ನು ಸದ್ದಿಲ್ಲದಂತೆ ಮಾಡಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.

ಹತ್ತೂವರೆಗೇ ಚಿಕ್ಕತ್ತೆ ಬಂದರು. ಕೈಚೀಲದಲ್ಲಿ ಹಸಿ ಕಡಲೆ ಗಿಡದ ಕಟ್ಟು, ಮುಖದ ತುಂಬಾ ಬೆವರು. ಅಕ್ಕತಂಗಿಯರು ಪಡಸಾಲೆಯಲ್ಲಿ ಕೂತು ಕಡಲೆ ಬಿಡಿಸತೊಡಗಿದರು. ನಾನು ಪಲ್ಯಕ್ಕೆ ಒಗ್ಗರಣೆ ಹಾಕಿ ಡಬ್ಬಿಯ ಹಿಂದಿನಿಂದ ಫೋನು ತೆಗೆದು ನೋಡಿದೆ. ನಕ್ಷೆಯ ಸ್ಕೂಟರು ನಮ್ಮ ಮನೆಯ ಹಿಂದೆ, ಓಣಿಯ ಬಾಯಲ್ಲಿ ನಿಂತಿತ್ತು. ಅಲುಗುತ್ತಿರಲಿಲ್ಲ. ಆ ಸಂಖ್ಯೆಯಿಂದ ಮೂರು ಸಲ ಕರೆ ಬಂದು ತಪ್ಪಿಹೋಗಿತ್ತು.

ಹಿಂದಿನ ಬಾಗಿಲು ತೆರೆದೆ. ಓಣಿಯೇ ಇರಲಿಲ್ಲ. ನಮ್ಮ ಹೊಸ್ತಿಲಿನಿಂದ ಎರಡು ಮೊಳದಾಚೆ ಆಳುದ್ದ ಗುಂಡಿ, ಅದರ ಪಕ್ಕ ಕೆಂಪು ಮಣ್ಣಿನ ದಿಬ್ಬ, ದಿಬ್ಬದ ಮೇಲೊಂದು ಕೋಳಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಣ್ಣು ಬಿದ್ದಿತ್ತು. ಸ್ಕೂಟರೂ ಇಲ್ಲ, ಮನುಷ್ಯನೂ ಇಲ್ಲ.

ಆಗ ಮುಂಬಾಗಿಲ ಬೆಲ್ಲು ಬಾರಿಸಿತು.

ನಾನು ಅಡುಗೆಮನೆ ದಾಟಿ ಪಡಸಾಲೆಯ ಬಾಗಿಲಿಗೆ ಬರುವಷ್ಟರಲ್ಲಿ ಅತ್ತೆ ಎದ್ದು ಚಿಲಕ ತೆಗೆದಾಗಿತ್ತು. ಹೊರಗೆ ಆ ಮೀಸೆ ನರೆತವರು, ಕಾಲು ಮೊಣಕಾಲವರೆಗೆ ಮಣ್ಣು. ಮೂರು ತಿಂಗಳಲ್ಲಿ ಅವರ ಮುಖವನ್ನು ಇಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

“ಅವ್ವಾರ, ರೊಟ್ಟಿ ತಂದೇನ್ರೀ. ಬೆಲ್ ಒತ್ತಬ್ಯಾಡ್ರಿ, ಹಿಂದಿನ ಬಾಗಲಿಗೆ ಬರ್ರಿ ಅಂತ ಬರ್ದಾರ. ಏನ್ ಮಾಡ್ಲಿ, ಓಣಿ ಅಗದ ಇಟ್ಟಾರ. ಫೋನ್ ಹಚ್ಚಿದ್ರ ಎತ್ತವಲ್ರು.”

ಅತ್ತೆ ಕೈ ಚಾಚಿ ಪೊಟ್ಟಣ ತೆಗೆದುಕೊಂಡರು. ಕಂದು ಕಾಗದದ ಪೊಟ್ಟಣ, ಬಿಸಿಗೆ ಒಂದು ಮೂಲೆ ಒದ್ದೆಯಾಗಿತ್ತು. ಅದನ್ನು ಒಮ್ಮೆ ಅಂಗೈಯಲ್ಲಿ ತೂಗಿದಂತೆ ಮಾಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮರದ ಬಣ್ಣದ ಒಂದು ಹಕ್ಕಳೆ ನನ್ನ ಉಗುರಿನಡಿ ಚುಚ್ಚಿತ್ತು. ತಪ್ಪು ಮಾಡಿದರೆ ಅದೇ ದಿನ ಹೇಳಿಬಿಡಬೇಕು ಅಂತ ಶಾಲೆಯಲ್ಲಿ ಸಿಸ್ಟರು ಹೇಳಿಕೊಡುತ್ತಿದ್ದರು. ಅತ್ತಿ, ಅದು ನಂದು ಅನ್ನಬೇಕು. ಬಾಯಿ ತೆರೆದೆ.

“ಯಾರದಕ್ಕಾ ಅದು?” ಅಂದರು ಚಿಕ್ಕತ್ತೆ, ಕೂತಲ್ಲಿಂದಲೇ ಕತ್ತು ಉದ್ದ ಮಾಡಿ.

“ಬಾಜೂಮನಿದು” ಅಂದರು ಅತ್ತೆ. “ಬಾಗಲಾ ತಪ್ಪಿ ಬಂದದ.” ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. “ಹೋಗ್ರಿ ಅಣ್ಣಾ, ಕಾಲ ಹೊಲಸ ಆಗ್ಯಾವ. ನಲ್ಲಿ ಅಲ್ಲದ, ತೊಳಕೊಂಡ ಹೋಗ್ರಿ.”

ನನ್ನ ಕಡೆ ನೋಡಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ನಿಜವಾಗಿಯೂ ಹಾಗೆ ನಂಬಿದರೋ, ತಂಗಿಯ ಮುಂದೆ ಮನೆಯ ಮಾನಕ್ಕಾಗಿ ಹಾಗೆ ಅಂದರೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ಬೈದಿದ್ದರೆ ಮೇಲಿತ್ತು. ಅಣ್ಣನ ಮನೆಯಲ್ಲಿ ಕೈ ತೊಳೆದು ಎದ್ದ ದಿನವೂ ಅವರು ಹೀಗೇ ಇದ್ದರು, ಏನೂ ಆಗದವರ ಹಾಗೆ.

ನಾನು ಹಿಟ್ಟಿಗೆ ಬಿಸಿನೀರು ಸುರಿದೆ. ಒಳಗೆ ಪೂಜೆಯ ವಿಭೂತಿಯ ವಾಸನೆ, ಹೊರಗೆ ಚಿಕ್ಕತ್ತೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಮೂರು ತಿಂಗಳ ಮೇಲೆ ಬಲಗೈ ಹಿಟ್ಟಿಗೆ ಇಳಿಯಿತು. ನೋವಿರಲಿಲ್ಲ. ಆದರೆ ಕೈಗೆ ದಾರಿ ಮರೆತಿತ್ತು. ಮೊದಲ ರೊಟ್ಟಿ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ. ಎತ್ತಿದರೆ ನಡುವೆ ಸೀಳಿ ಅರ್ಧ ಬಡಿಯುವ ಕಲ್ಲಿನ ಮೇಲೆ, ಅರ್ಧ ನನ್ನ ಅಂಗೈಯಲ್ಲಿ ಉಳಿಯಿತು.

“ಏನವಾ!” ಚಿಕ್ಕತ್ತೆ ಗಲ್ಲಕ್ಕೆ ಕೈ ಹಚ್ಚಿದರು. “ನಿಮ್ಮತ್ತಿ ಹಾಡಿನ ರೊಟ್ಟಿ ಇವೇ ಏನು? ಎಷ್ಟ ದಿನಾ ಆತು ಹಿಟ್ಟ ಮುಟ್ಟಿ?”

ಚೇಷ್ಟೆಗೆ ಅಂದದ್ದು. ನಾನು ಹರಿದ ಎರಡೂ ತುಂಡನ್ನು ಮತ್ತೆ ಮುದ್ದೆ ಮಾಡಿದೆ. ಉತ್ತರ ಹುಡುಕುವ ಮೊದಲೇ ಗೋಡೆಯ ಆಚೆಯಿಂದ, ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿ ಇಡುತ್ತಿದ್ದ ಅತ್ತೆಯ ದನಿ ಬಂತು.

“ಹಿಟ್ಟ ಹಳೇದದ ತಂಗೀ. ಜಿಗಿ ಹೋಗ್ಯದ. ಆಕಿ ಏನ್ ಮಾಡ್ತಾಳ?”

ಹಳೆಯ ಹಿಟ್ಟಿಗೆ ಅಂಟು ಹೋಗಿ ರೊಟ್ಟಿ ಹರಿಯುವುದು ನಿಜ. ಆದರೆ ಆ ಹಿಟ್ಟು ಹಿಂದಿನ ದಿನ ಬೀಸಿಸಿದ್ದು. ಗಿರಣಿಯಿಂದ ಡಬ್ಬಿ ಹೊತ್ತು ತಂದದ್ದೇ ಅತ್ತೆ.

ಎರಡನೆಯದು ಹರಿಯಲಿಲ್ಲ. ಮೂರನೆಯದು ದುಂಡಗಾಯಿತು. ನಾಲ್ಕನೆಯದು ತವೆಯ ಮೇಲೆ ಉಬ್ಬಿದಾಗ ಚಿಕ್ಕತ್ತೆ, “ಹಾಂ, ಈಗ ಬಂದಿ ದಾರಿಗೆ” ಅಂತ ತಾಟು ಮುಂದೆ ಚಾಚಿದರು. ಅವರು ಮೂರು ತಿಂದು ತೇಗಿದರು.

ಅತ್ತೆ ಬಂದು ಪಡಸಾಲೆಗೆ ಬೆನ್ನು ಮಾಡಿ ಕೂತರು. ಕಿಟಕಿಯ ಕಟ್ಟೆಯ ಮೇಲಿನ ಪೊಟ್ಟಣ ಅವರ ಬೆನ್ನ ಹಿಂದೆಯೇ ಇತ್ತು. ನನ್ನ ಉಪಾಯ ಅಲ್ಲೇ ತಣ್ಣಗಾಗುತ್ತಿತ್ತು. ನಾನು ಬಡಿದ ಎರಡು ರೊಟ್ಟಿ ಅವರ ತಾಟಿಗೆ ಹಾಕಿದೆ. ಅವರು ಮುರಿಯಲಿಲ್ಲ. ಪಲ್ಯ ಸರಿಸಿದರು, ಉಪ್ಪಿನಕಾಯಿ ಸರಿಸಿದರು, ನೀರು ಕುಡಿದರು. ನಾನು ಒಲೆಯ ಕಡೆ ತಿರುಗಿ ನಿಂತು ಕಿವಿಯಿಂದಲೇ ನೋಡುತ್ತಿದ್ದೆ. ತಾಟನ್ನು ಲಿಂಗಕ್ಕೆ ತೋರಿಸುವಾಗ ಅವರು ಮಾಡುವ ಸಣ್ಣ ಗುನುಗು ಬಂತು. ಆಮೇಲೆ ರೊಟ್ಟಿ ಮುರಿಯುವ ಸಪ್ಪಳ. ಆಮೇಲೆ ಅಗಿಯುವುದು. ಇವತ್ತು ತಿನ್ನುತ್ತಿರುವುದು ತಂಗಿ ಎದುರಿಗಿದ್ದಾಳೆ ಅಂತಲೇ ಇರಬಹುದು ಅಂದುಕೊಂಡೆ. ಗಂಟು ನಾಳೆಯಿಂದ.

“ಹ್ಯಾಂಗ ಆಗ್ಯಾವ್ರಿ?” ಅಂತ ಕೇಳಿಬಿಟ್ಟೆ. ಎಂದೂ ಕೇಳಿದವಳಲ್ಲ.

“ಆಗ್ಯಾವ” ಅಂದರು.

ಅಷ್ಟೇ. ಚೆನ್ನಾಗಿ ಆಗಿವೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಚಿಕ್ಕತ್ತೆ ಹೊರಟರು. ಹೋಗುವಾಗ ನನ್ನ ಬಲಗೈ ಹಿಡಿದು ಮಣಿಕಟ್ಟನ್ನು ಹಿಂದೆ ಮುಂದೆ ತಿರುಗಿಸಿ, “ಬಾತಂಗ ಕಾಣ್ತದಲ್ಲ ಯವ್ವಾ, ಎಣ್ಣಿ ಹಚ್ಚು” ಅಂದರು. ಅತ್ತೆ ಪಕ್ಕದಲ್ಲೇ ನಿಂತು ಚಪ್ಪಲಿಯ ಪಟ್ಟಿ ನೆಟ್ಟಗೆ ಮಾಡುತ್ತಿದ್ದರು. ತಂಗಿಯನ್ನು ಬಸ್ಸಿಗೆ ಬಿಟ್ಟು ಬರಲು ಅವರೂ ಹೋದರು.

ಅವರು ವಾಪಸು ಬರುವವರೆಗಿನ ಒಂದು ತಾಸು ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಆ್ಯಪು ತೆರೆದೆ. ಇವತ್ತಿನ ಊಟ ಹೇಗಿತ್ತು ಅಂತ ಅದು ಎಂದಿನಂತೆ ಕೇಳಿತು. ಐದು ನಕ್ಷತ್ರ ಬಿಡಿಸಿಟ್ಟು ಕಾಯುತ್ತಿತ್ತು. ಆ್ಯಪನ್ನೇ ಫೋನಿನಿಂದ ತೆಗೆದು ಹಾಕಬೇಕು ಅಂತ ಹೊರಗೆ ಬಂದು ಅದರ ಚಿತ್ರದ ಮೇಲೆ ಬೆರಳಿಟ್ಟು ಹಿಡಿದೆ, ಚಿತ್ರ ನಡುಗತೊಡಗಿತು. ಆ ಮೆತ್ತಗಿನ ರೊಟ್ಟಿ ಸುತ್ತಿದ ಹಾಳೆ ನೆನಪಾಯಿತು. ಇವತ್ತಿನ ಪೊಟ್ಟಣದಲ್ಲೂ ಅದು ಇರುತ್ತದೆ, ಯಾರೋ ಒಬ್ಬಾಕೆ ನೆನಪಿಟ್ಟು ಬೇರೆ ತೆಗೆದದ್ದು. ಬೆರಳು ತೆಗೆದೆ. ಅತ್ತೆ ಬಂದ ತಕ್ಷಣ ಎಲ್ಲ ಹೇಳಿಬಿಡುವುದು ಅಂತ ನಿಶ್ಚಯಿಸಿದೆ. ಮೊದಲ ವಾಕ್ಯವನ್ನು ಮೂರು ತರಹ ಜೋಡಿಸಿದೆ.

ಅತ್ತೆ ಬಂದರು. ಕಾಲು ತೊಳೆದರು. ನಾನು, “ಅತ್ತಿ, ಒಂದ ಮಾತ…” ಅಂದೆ.

ಅವರು ಕಟ್ಟೆಯ ಮೇಲಿನ ಪೊಟ್ಟಣ ತೋರಿಸಿದರು. “ಅದು ಹಂಗೇ ಬಿದ್ದದಲ್ಲ. ಅನ್ನ ಕೆಡಬಾರದು. ಬಾಜೂಮನ್ಯಾಗ ಆಪಾಗ ಕೊಟ್ಟ ಬಾ ಮೊದಲ. ಮಾತ ಆಮ್ಯಾಲ.”

ಅವರ ಕಣ್ಣು ನೋಡಿದೆ. ಪೊರೆ ತೆಗೆದ ಕಣ್ಣಲ್ಲಿ ಕಿಟಕಿಯ ಬೆಳಕು ಒಂದು ಚೌಕವಾಗಿ ಕೂತಿತ್ತು. ಅದರ ಹಿಂದೆ ಏನಿದೆಯೋ ಕಾಣಲಿಲ್ಲ.

ಪೊಟ್ಟಣ ಹಿಡಿದು ಪಕ್ಕದ ಮನೆಗೆ ಹೋದೆ. ಆಪಾ ಯಂತ್ರದ ಮುಂದೆ ಕನ್ನಡಕ ಮೂಗಿನ ತುದಿಗಿಳಿಸಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಅವರ ಕೊರಳ ಸುತ್ತ ಅಳತೆಯ ಪಟ್ಟಿ, ಸೆರಗಿನ ತುಂಬ ಬಣ್ಣಬಣ್ಣದ ದಾರದ ಚೂರು. ನಿಮ್ಮ ಪಾರ್ಸಲ್ ನಮ್ಮ ಮನೆಗೆ ಬಂದುಬಿಟ್ಟಿತ್ತು ಅಂತ, ಸುಳ್ಳು ಅಂತ ಗೊತ್ತಿದ್ದೂ ಹೇಳಿದೆ. ಅವರು ಪೊಟ್ಟಣ ಬಿಚ್ಚಿ, ಒಂದು ರೊಟ್ಟಿಯ ತುದಿ ಎತ್ತಿ ನೋಡಿ, ಹಾಗೇ ಮುಚ್ಚಿ, ಮತ್ತೆ ಸೂಜಿಯ ಕಣ್ಣಿನ ಕಡೆ ತಿರುಗಿದರು.

“ನಮ್ಮವಲ್ರಿ ಅಕ್ಕಾ, ನಮ್ಮ ಮನ್ಯಾಗ ಯಾರೂ ತರಸಂಗಿಲ್ಲ” ಅಂದರು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಾ. “ಇರ್ಲಿ, ಇಟ್ಟ ಹೋಗ್ರಿ, ಸಂಜಿಗೆ ನಾವೇ ತಿಂತೇವಿ. ಹಾಂ, ಮರ್ತಿದ್ದೆ ನೋಡ್ರಿ. ಹೋದ ತಿಂಗಳ ನಿಮ್ಮ ಅತ್ತಿಯವರು ಜಂಪರ್ ಅಳತಿ ಕೊಡಾಕ ಬಂದಾಗ ಕೇಳಿದ್ರು, ನಮ್ಮ ಸೊಸಿ ಫೋನಿನ್ಯಾಗ ತರಸ್ತಾಳಲ್ಲ ಆ ರೊಟ್ಟಿ, ಛಲೋನೇ ಅವ, ಖರೆ ಅಂಚ ಜರಾ ದಪ್ಪ ಆಗ್ತಾವ, ಅದನ್ನ ಯಾರಿಗೆ ಹೇಳಬೇಕವಾ ಅಂತ. ನನಗೆಲ್ಲಿ ಗೊತ್ತದ? ಅದಕ್ಕ ನೀವೇ ಬರದ ಹಾಕಿಬಿಡ್ರಿ ಒಂದಿಷ್ಟು.”